ಉಸಿರಿಗೂ ಒಂದು ಅಳತೆ ಇದೆ

‘ಊದಿ, ಊದಿ, ಊದಿ... ಇನ್ನೂ, ಇನ್ನೂ... ಬಿಡಬೇಡಿ ಅಮ್ಮಾ, ಬಿಡಬೇಡಿ!’

ಎದೆರೋಗ ವಿಭಾಗದ ಕೋಣೆಗಳ ಸಾಲಿನಲ್ಲಿ ಇಂಥ ಕೂಗು ಕೇಳಿಸಿದರೆ ಅದು ಸ್ಪೈರೊಮೆಟ್ರಿ ಕೋಣೆ ಎಂದು ತಿಳಿಯಬೇಕು. ರೋಗಿಯನ್ನು ಹೀಗೆ ಗಟ್ಟಿ ದನಿಯಲ್ಲಿ ಹುರಿದುಂಬಿಸುವ ಇನ್ನೊಂದು ಜಾಗ ಆಸ್ಪತ್ರೆಯಲ್ಲಿ ಇದ್ದರೆ ಅದು ಹೆರಿಗೆ ಕೋಣೆ ಮಾತ್ರ. ಮೂಗಿಗೊಂದು ಕ್ಲಿಪ್ಪು ಸಿಕ್ಕಿಸಿ, ಬಾಯಿಗೆ ಕೊಳವೆ ಕೊಟ್ಟು, ಎದೆ ತುಂಬ ಉಸಿರೆಳೆದುಕೊಳ್ಳಲು ಹೇಳುತ್ತಾರೆ. ಆಮೇಲೆ ಇದ್ದಷ್ಟೂ ಗಾಳಿಯನ್ನು ಒಂದೇ ರಭಸಕ್ಕೆ ಹೊರಗೆ ತಳ್ಳಬೇಕು. ತಳ್ಳಿ ಆಯಿತು ಅನ್ನಿಸಿದ ಮೇಲೂ ನಿಲ್ಲಿಸದೆ ಒಟ್ಟು ಆರು ಸೆಕೆಂಡಾದರೂ ಊದುತ್ತಲೇ ಇರಬೇಕು. ‘ದಮ್ಮೇ ಇಲ್ಲ ಕಣಪ್ಪ, ಎಲ್ಲಿಂದ ಊದ್ಲಿ?’ ಅನ್ನುವ ಅಜ್ಜಿಯ ಕೈಲಿ ಮೂರು ಸಲ ಸರಿಯಾಗಿ ಊದಿಸುವುದು ತಂತ್ರಜ್ಞನ ತಾಳ್ಮೆಗೆ ಬಿಟ್ಟ ವಿಷಯ. ಅಷ್ಟಕ್ಕೇ ಮುಗಿಯುವುದಿಲ್ಲ. ಶ್ವಾಸನಾಳ ಅಗಲಿಸುವ ಸಾಲ್ಬುಟಮಾಲ್ ಔಷಧಿಯನ್ನು ಹೀರಿಸಿ, ಹದಿನೈದು ನಿಮಿಷ ಬೆಂಚಿನ ಮೇಲೆ ಕೂರಿಸಿ, ಮತ್ತೆ ಅದೇ ಊದಾಟ.

ಲೆಕ್ಕ ಮಾತ್ರ ಸರಳ. ಒಟ್ಟು ಹೊರಬಂದ ಗಾಳಿಯಲ್ಲಿ ಮೊದಲ ಸೆಕೆಂಡಿಗೇ ಬಂದ ಪಾಲೆಷ್ಟು ಎಂದು ನೋಡುತ್ತಾರೆ. ಔಷಧಿ ಹೀರಿದ ಮೇಲೂ ಅದು ಶೇ 70ಕ್ಕಿಂತ ಕಡಿಮೆಯಿದ್ದರೆ ಶ್ವಾಸನಾಳಗಳು ಖಾಯಂ ಆಗಿ ಕಿರಿದಾಗಿವೆ ಎಂದರ್ಥ. ಸಿಒಪಿಡಿ, ಅಂದರೆ ಶ್ವಾಸನಾಳಗಳ ದೀರ್ಘಕಾಲದ ಅಡಚಣೆಯ ಕಾಯಿಲೆ, ಎಂದು ವೈದ್ಯರು ಬರೆಯುವುದು ಮುಖ್ಯವಾಗಿ ಇದನ್ನು ನೋಡಿಯೇ. ಔಷಧಿ ಹೀರಿದ ಮೇಲೆ ಅಂಕಿ ಚೆನ್ನಾಗಿ ಮೇಲೇರಿದರೆ ಅನುಮಾನ ಅಸ್ತಮಾದ ಕಡೆ ಹೊರಳುತ್ತದೆ. ಪಾಲು ಸರಿಯಾಗೇ ಇದ್ದು ಒಟ್ಟು ಗಾಳಿಯೇ ಕಡಿಮೆ ಬಂದರೆ, ಶ್ವಾಸಕೋಶದ ಅಂಗಾಂಶವೇ ಬಿಗಿದುಕೊಳ್ಳುತ್ತಿರಬಹುದು. ಹೊರಗಿನಿಂದ ನೋಡುವವರಿಗೆ ಈ ಮೂವರೂ ಒಂದೇ ಥರ ಏದುಸಿರು ಬಿಡುತ್ತಿರುತ್ತಾರೆ. ಊರಿನಲ್ಲಿ ಮೂವರಿಗೂ ‘ದಮ್ಮಿನ ಕಾಯಿಲೆ’ಯೇ. ಆದರೆ ಒಬ್ಬರಿಗೆ ಕೊಡುವ ಚಿಕಿತ್ಸೆ ಇನ್ನೊಬ್ಬರಿಗೂ ಹೊಂದುತ್ತದೆ ಎನ್ನುವಂತಿಲ್ಲ.

ಈ ಯಂತ್ರವೇನೂ ನಿನ್ನೆ ಮೊನ್ನೆಯದಲ್ಲ. ಲಂಡನ್ನಿನ ವೈದ್ಯ ಜಾನ್ ಹಚಿನ್ಸನ್ ತನ್ನ ಸ್ಪೈರೊಮೀಟರಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನರ ಉಸಿರು ಅಳೆದು ಪ್ರಬಂಧ ಪ್ರಕಟಿಸಿದ್ದು 1846ರಲ್ಲಿ. ತೋಳಿಗೆ ಪಟ್ಟಿ ಸುತ್ತಿ ರಕ್ತದೊತ್ತಡ ನೋಡುವ ಉಪಕರಣವನ್ನು ಇಟಲಿಯ ರಿವಾ ರೋಚಿ ಮುಂದಿಟ್ಟಿದ್ದು 1896ರಲ್ಲಿ, ಅಂದರೆ ಐವತ್ತು ವರ್ಷ ತಡವಾಗಿ. ಇವತ್ತು ಬಿ.ಪಿ. ಯಂತ್ರ ಮೆಡಿಕಲ್ ಶಾಪಿನಲ್ಲಿದೆ, ಮನೆಯ ಟೀಪಾಯಿಯ ಮೇಲಿದೆ, ಆರೋಗ್ಯ ಶಿಬಿರದ ಶಾಮಿಯಾನದ ಕೆಳಗಿದೆ. ಸ್ಪೈರೊಮೀಟರ್ ಎಷ್ಟೋ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಲ್ಲ. ಇದ್ದ ಕಡೆಯೂ ಊದಿಸಲು ಬಲ್ಲವರು ಇರುವುದಿಲ್ಲ, ಯಂತ್ರ ಬೀರು ಸೇರಿರುತ್ತದೆ. ಬಿ.ಪಿ. ಎಷ್ಟು, ಶುಗರ್ ಎಷ್ಟು ಎಂದು ಕೇಳಿದರೆ ಥಟ್ಟನೆ ಹೇಳುವ ನಮಗೆ ಉಸಿರು ಎಷ್ಟು ಎಂಬ ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸುತ್ತದೆ.

ಉಸಿರಿನ ಕಾಯಿಲೆಯವರು ನಮ್ಮಲ್ಲಿ ಕಡಿಮೆ ಎಂದು ಹೀಗಾಗಿದೆಯೇ? ಅಲ್ಲ. 1990ರಲ್ಲಿ ದೇಶದಲ್ಲಿ ಸಿಒಪಿಡಿ ಇದ್ದವರು ಸುಮಾರು 2.81 ಕೋಟಿ, 2016ರ ಹೊತ್ತಿಗೆ 5.53 ಕೋಟಿ. ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದರಲ್ಲಿ 2018ರಲ್ಲಿ ಬಂದ ಅಂದಾಜು ಇದು. ಜಗತ್ತಿನ ಜನಸಂಖ್ಯೆಯಲ್ಲಿ ನಮ್ಮ ಪಾಲು ಶೇ 18, ಜಗತ್ತಿನ ದೀರ್ಘಕಾಲದ ಶ್ವಾಸರೋಗಗಳ ಹೊರೆಯಲ್ಲಿ ಶೇ 32 ಎಂದೂ ಅದೇ ಅಧ್ಯಯನ ಹೇಳಿತು. ದೇಶದಲ್ಲಿ ಜನ ಸಾಯುವ ಕಾರಣಗಳಲ್ಲಿ ಹೃದ್ರೋಗದ ನಂತರದ ಸಾಲಿನಲ್ಲೇ ಸಿಒಪಿಡಿ ನಿಲ್ಲುತ್ತದೆ. ಆದರೂ ಹೃದಯಕ್ಕೆ ಸಿಕ್ಕಿರುವ ಮರ್ಯಾದೆ ಶ್ವಾಸಕೋಶಕ್ಕೆ ಸಿಕ್ಕಿಲ್ಲ. ಎದೆ ಹಿಡಿದುಕೊಂಡು ಕುಸಿದವರನ್ನು ಎತ್ತಿಕೊಂಡು ಓಡುತ್ತೇವೆ. ಮೆಟ್ಟಿಲು ಹತ್ತಲಾರದೆ ನಿಂತವರಿಗೆ ‘ವಯಸ್ಸಾಯ್ತಲ್ಲ’ ಎನ್ನುತ್ತೇವೆ.

ಸ್ಯಾನಿಟೋರಿಯಂ ನೆರಳು

ಶ್ವಾಸಕೋಶದ ಬಗೆಗಿನ ಈ ತಾತ್ಸಾರಕ್ಕೆ ಹಳೆಯ ಕಾರಣವೊಂದಿದೆ. ನಮ್ಮಲ್ಲಿ ಎದೆರೋಗದ ತಜ್ಞ ಹುಟ್ಟಿದ್ದೇ ಕ್ಷಯರೋಗದ ಆಸ್ಪತ್ರೆಯಲ್ಲಿ. ಮೈಸೂರಿನ ಕೆ.ಆರ್.ಎಸ್. ರಸ್ತೆಯ ಪಿ.ಕೆ. ಸ್ಯಾನಿಟೋರಿಯಂಗೆ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿದೆ. ಕ್ಷಯಕ್ಕೆ ಬಲಿಯಾದ ತಮ್ಮ ಈ ಸೋದರಿಯ ನೆನಪಿಗೆ ನಾಲ್ವಡಿ ಕೃಷ್ಣರಾಜ ಒಡೆಯರ್ ಅದನ್ನು ಕಟ್ಟಿಸಿದರು. 1921ರಲ್ಲಿ ಅದು ಶುರುವಾಯಿತು. ಆಗ ಕ್ಷಯಕ್ಕೆ ಔಷಧಿಯೇ ಇರಲಿಲ್ಲ. ಊರಾಚೆಯ ಒಳ್ಳೆಯ ಗಾಳಿ, ಬಿಸಿಲು, ಹಾಲು, ಮೊಟ್ಟೆ, ವಿಶ್ರಾಂತಿ ಇಷ್ಟೇ ಚಿಕಿತ್ಸೆ. ಆಮೇಲೆ ಸ್ಟ್ರೆಪ್ಟೊಮೈಸಿನ್ ಮತ್ತು ಅದರ ಹಿಂದೆಯೇ ಬೇರೆ ಔಷಧಿಗಳು ಬಂದವು. ರೋಗಿ ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೂ ಸ್ಯಾನಿಟೋರಿಯಂನಲ್ಲಿ ಇದ್ದಷ್ಟೇ ಗುಣ ಕಾಣುತ್ತದೆ ಎಂಬುದನ್ನು ಮದ್ರಾಸಿನ ಅಧ್ಯಯನ 1959ರಲ್ಲಿ ತೋರಿಸಿಕೊಟ್ಟಿತು. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಗಿದ್ದೂ ಅದೇ ವರ್ಷ.

ಹಾಸಿಗೆಗಳು ಖಾಲಿಯಾದಂತೆ ಬೋರ್ಡುಗಳು ಬದಲಾದವು. ವೈದ್ಯಕೀಯ ಕಾಲೇಜುಗಳಲ್ಲಿ ‘ಟಿಬಿ ಅಂಡ್ ಚೆಸ್ಟ್’ ಎಂದಿದ್ದ ವಿಭಾಗ ‘ರೆಸ್ಪಿರೇಟರಿ ಮೆಡಿಸಿನ್’ ಆಯಿತು. ಬೆಂಗಳೂರಿನ ಎಸ್‌ಡಿಎಸ್ ಟಿಬಿ ಸ್ಯಾನಿಟೋರಿಯಂ ಆವರಣದಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ತಲೆಯೆತ್ತಿತು. ಜನರ ಮನಸ್ಸಿನಲ್ಲಿ ಮಾತ್ರ ಹಳೆಯ ಬೋರ್ಡೇ ಉಳಿದಿದೆ. ಎದೆರೋಗದ ಆಸ್ಪತ್ರೆಯ ಗೇಟಿನಲ್ಲಿ ನೆಂಟರ ಕಣ್ಣಿಗೆ ಬಿದ್ದರೆ ಮಗಳ ಸಂಬಂಧ ತಪ್ಪೀತು ಎಂದು ಹೆದರುವ ಕುಟುಂಬಗಳು ಈಗಲೂ ಇವೆ. ಆದ್ದರಿಂದ ಅಸ್ತಮಾದವರೂ ಸಿಒಪಿಡಿಯವರೂ ವರ್ಷಗಟ್ಟಲೆ ಬೀದಿ ಕೊನೆಯ ಕ್ಲಿನಿಕ್ಕಿನಲ್ಲೇ ಕಾಲ ಹಾಕುತ್ತಾರೆ. ಅಲ್ಲಿ ಒಂದು ಡೆರಿಫಿಲಿನ್ ಇಂಜೆಕ್ಷನ್, ಜೊತೆಗೊಂದು ಸ್ಟೀರಾಯ್ಡು. ರಾತ್ರಿ ನಿದ್ದೆ ಬರುತ್ತದೆ. ಹದಿನೈದು ದಿನಕ್ಕೆ ಮತ್ತೆ ಅದೇ.

ಸರ್ಕಾರದ ನಡೆಗಳೂ ಕೆಲವೊಮ್ಮೆ ಅರ್ಥವಾಗುವುದಿಲ್ಲ. 2020ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಹೊಸ ನಿಯಮ ತಂದಾಗ, ಎಂಬಿಬಿಎಸ್ ಕಾಲೇಜುಗಳಲ್ಲಿ ಇರಲೇಬೇಕಾದ ವಿಭಾಗಗಳ ಪಟ್ಟಿಯಿಂದ ಶ್ವಾಸಕೋಶ ವಿಭಾಗವನ್ನು ಕೈಬಿಟ್ಟಿತು. ವರ್ಷ ಯಾವುದೆಂದು ಗಮನಿಸಿ. ದೇಶವೆಲ್ಲ ಆಕ್ಸಿಜನ್ ಮಟ್ಟ ನೋಡಿಕೊಳ್ಳಲು ಬೆರಳಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ಕೂತಿದ್ದ ವರ್ಷ ಅದು. ಎದೆರೋಗ ತಜ್ಞರು ಪ್ರತಿಭಟಿಸಿದ್ದರಲ್ಲಿ ಆಶ್ಚರ್ಯವಿಲ್ಲ.

‘ಎಷ್ಟು ವರ್ಷ ಒಲೆ ಊದಿದ್ದೀರಿ?’

ಒಳ್ಳೆಯ ತಜ್ಞರನ್ನು ಗುರುತಿಸುವುದು ಹೇಗೆ? ನನ್ನ ಪ್ರಕಾರ ಅವರು ಕೇಳುವ ಪ್ರಶ್ನೆಗಳಿಂದ. ಬೀಡಿ, ಸಿಗರೇಟು ಸೇದುತ್ತೀರಾ ಎಂದು ಎಲ್ಲರೂ ಕೇಳುತ್ತಾರೆ. ಎದುರು ಕೂತ ಹೆಂಗಸು ‘ಅಯ್ಯೋ ಶಿವನೇ, ಇಲ್ಲ’ ಎಂದರೆ ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ. ಬಲ್ಲವರು ಮುಂದಿನದನ್ನು ಕೇಳುತ್ತಾರೆ: ಅಡುಗೆ ಯಾವುದರಲ್ಲಿ? ಎಷ್ಟು ವರ್ಷ ಒಲೆ ಊದಿದ್ದೀರಿ? ದಿನಕ್ಕೆ ಎಷ್ಟು ಹೊತ್ತು? ಅಡುಗೆಮನೆಗೆ ಕಿಟಕಿ ಇತ್ತೇ?

ಈ ಪ್ರಶ್ನೆಗೊಂದು ಗಣಿತವೂ ಇದೆ. ದಿನಕ್ಕೆ ಒಲೆ ಮುಂದೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿದರೆ ಬರುವ ಸೂಚ್ಯಂಕ ಅದು. ಮೈಸೂರು ಜಿಲ್ಲೆಯ ಗ್ರಾಮೀಣ ಹೆಣ್ಣುಮಕ್ಕಳ ನಡುವೆ ನಡೆದ ಅಧ್ಯಯನವೊಂದು ಈ ಸೂಚ್ಯಂಕ 60 ಮುಟ್ಟಿದಲ್ಲಿಂದ ದೀರ್ಘಕಾಲದ ಬ್ರಾಂಕೈಟಿಸ್‌ನ ಅಪಾಯ ಎದ್ದು ಕಾಣುತ್ತದೆ ಎಂದು ಕಂಡುಕೊಂಡಿತು. ಮೂರು ಗಂಟೆಯಂತೆ ಇಪ್ಪತ್ತು ವರ್ಷವಾದರೆ ಅಲ್ಲಿಗೆ ಅರವತ್ತು. ಹದಿನೆಂಟಕ್ಕೆ ಮದುವೆಯಾಗಿ ಬಂದು ಮನೆ ಮಂದಿಗೆಲ್ಲ ರೊಟ್ಟಿ ಬಡಿದವಳು ನಲವತ್ತು ತುಂಬುವ ಮೊದಲೇ ಆ ಗಡಿ ದಾಟಿರುತ್ತಾಳೆ.

ಒಲೆಯ ಹೊಗೆಯನ್ನು ನಾಡು ನೋಡಿಯೂ ಸುಮ್ಮನಿತ್ತು ಎನ್ನುವಂತಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಅವರ ನೇತೃತ್ವದಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆಯನ್ನು ಹಳ್ಳಿಯ ಹಿರಿಯರು ಈಗಲೂ ನೆನೆಯುತ್ತಾರೆ. ಮೂರು ಪಾತ್ರೆ ಒಟ್ಟಿಗೆ ಇಡಬಹುದಾದ, ಹೊಗೆಯನ್ನು ಕೊಳವೆಯಲ್ಲಿ ಚಾವಣಿಯಾಚೆ ಕಳಿಸುವ ಒಲೆ. ಸೌದೆಯೂ ಕಡಿಮೆ ಸಾಕು. ಆದರೆ ಕೊಳವೆಯಲ್ಲಿ ಕಟ್ಟಿದ ಮಸಿಯನ್ನು ಆಗಾಗ ತೆಗೆಯಬೇಕು. ಒಲೆ ಬಿರಿದರೆ ಸರಿಮಾಡಲು ಗೊತ್ತಿದ್ದವರು ಬೇಕು. ಅದಾಗದ ಕಡೆ ಕ್ರಮೇಣ ಹಳೇ ಒಲೆಯೇ ವಾಪಸು ಬಂತು. 2016ರ ಮೇ 1ರಂದು ಉಜ್ವಲಾ ಯೋಜನೆ ಆರಂಭವಾದ ಮೇಲೆ ಗ್ಯಾಸ್ ಸಿಲಿಂಡರು ಬಡವರ ಅಡುಗೆಮನೆಗೂ ಹೋಯಿತು. ಒಳ್ಳೆಯದೇ ಆಯಿತು. ಹಾಗೆಂದು ಹೊಗೆ ಮನೆ ಬಿಟ್ಟು ಹೋಯಿತೇ ಎಂದು ತಿಳಿಯಲು ಹಿತ್ತಿಲಿಗೆ ಹೋಗಿ ಬಚ್ಚಲ ಹಂಡೆಯನ್ನು ನೋಡಬೇಕು. ತೆಂಗಿನ ಮಟ್ಟೆ, ಅಡಿಕೆ ಹಾಳೆ, ಮಳೆಗಾಲದಲ್ಲಿ ಹಸಿ ಸೌದೆ ಹಾಕಿ ಊದುಕೊಳವೆ ಹಿಡಿದು ಬೆಳಗಿನ ಜಾವ ನೀರು ಕಾಯಿಸುವವರು ಈಗಲೂ ಆ ಮನೆಯ ಹಿರಿಯ ಹೆಂಗಸೇ. ಯಾವ ಯೋಜನೆಯ ಕಣ್ಣಿಗೂ ಬೀಳದ ಒಲೆ ಅದು.

ಹೊಗೆ, ಬೀಡಿಯ ಆಚೆಗೂ ಪ್ರಶ್ನೆಗಳಿವೆ. ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡಿದ್ದೀರಾ? ಕೋಲಾರದ ಚಿನ್ನದ ಗಣಿಗಳು 2001ರಲ್ಲಿ ಬಾಗಿಲು ಮುಚ್ಚಿದವು. ಆದರೆ ಸುರಂಗದಲ್ಲಿ ಸಿಲಿಕಾ ದೂಳು ಕುಡಿದ ಎದೆಗಳಿಗೆ ಬಾಗಿಲು ಮುಚ್ಚುವ ತಾರೀಕು ಇರುವುದಿಲ್ಲ. ಕೆಲಸ ಬಿಟ್ಟ ಎಷ್ಟೋ ವರ್ಷಗಳ ನಂತರವೂ ಸಿಲಿಕೋಸಿಸ್ ಮುಂದುವರಿಯುತ್ತದೆ.

ಇನ್ನೊಂದು ಪ್ರಶ್ನೆ ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ: ಬಾಲ್ಕನಿಯಲ್ಲಿ ಪಾರಿವಾಳ ಇವೆಯೇ? ನಗಬೇಡಿ. ಪಾರಿವಾಳದ ಹಿಕ್ಕೆ ಮತ್ತು ಗರಿಯ ದೂಳು ಕೆಲವರ ಶ್ವಾಸಕೋಶಕ್ಕೆ ಒಗ್ಗದೆ, ಒಳಗಿನ ಅಂಗಾಂಶ ನಿಧಾನವಾಗಿ ಗಡುಸಾಗುತ್ತದೆ. ಹೈಪರ್‌ಸೆನ್ಸಿಟಿವಿಟಿ ನ್ಯುಮೊನೈಟಿಸ್ ಎಂಬ ಉದ್ದದ ಹೆಸರಿನ ಈ ಕಾಯಿಲೆ ಅಪರೂಪದ್ದು ಎಂದೇ ಬಹಳ ಕಾಲ ತಿಳಿಯಲಾಗಿತ್ತು. 2017ರಲ್ಲಿ ಪ್ರಕಟವಾದ ಭಾರತದ ನೋಂದಣಿ ಅಧ್ಯಯನದಲ್ಲಿ ಶ್ವಾಸಕೋಶ ಗಡುಸಾಗುವ ಕಾಯಿಲೆಗಳ 1,084 ರೋಗಿಗಳನ್ನು ಪರಿಶೀಲಿಸಿದಾಗ ಹತ್ತಿರಹತ್ತಿರ ಅರ್ಧದಷ್ಟು ಜನರಿಗೆ ಇದೇ ಇತ್ತು. ಅವರಲ್ಲಿ ಅನೇಕರ ಮನೆಯಲ್ಲಿ ಏರ್ ಕೂಲರ್ ಇತ್ತು. ಅದರ ಒದ್ದೆ ಹುಲ್ಲಿನಲ್ಲಿ ಬೆಳೆಯುವ ಬೂಷ್ಟಿನ ಮೇಲೆ ಅನುಮಾನ ಹೋಯಿತು. ಇಂಥವರಿಗೆ ಸಿಒಪಿಡಿ ಎಂದು ಹೇಳಿ ಇನ್ಹೇಲರ್ ಕೊಟ್ಟು ಕಳಿಸಿದರೆ ಪ್ರಯೋಜನವಿಲ್ಲ. ಎಚ್‌ಆರ್‌ಸಿಟಿ ಸ್ಕ್ಯಾನ್ ಮಾಡಿಸಿ, ಬಾಲ್ಕನಿಗೆ ಬಲೆ ಕಟ್ಟಿಸಿ, ಹೊತ್ತಿಗೆ ಸರಿಯಾಗಿ ಔಷಧಿ ಶುರು ಮಾಡಬೇಕು. ಕಾರಣವೇ ತಿಳಿಯದೆ ಗಡುಸಾಗುವ ಐಪಿಎಫ್ ಎಂಬ ಕಾಯಿಲೆಗೆ ಪಿರ್ಫೆನಿಡೋನ್, ನಿಂಟೆಡಾನಿಬ್ ಎಂಬ ಎರಡು ಔಷಧಿಗಳು ನಮ್ಮಲ್ಲೂ ಸಿಗುತ್ತವೆ. ಅವು ಗುಣ ಮಾಡುವುದಿಲ್ಲ, ಕಾಯಿಲೆಯ ನಡಿಗೆಯನ್ನು ನಿಧಾನ ಮಾಡುತ್ತವೆ.

ಕ್ಷಯ ಗುಣವಾದವರ ಕಥೆ ಇನ್ನೂ ಬೇರೆ. ಆರು ತಿಂಗಳ ಮಾತ್ರೆ ಮುಗಿಯುತ್ತದೆ, ಕಫದಲ್ಲಿ ಕ್ರಿಮಿ ಇಲ್ಲ ಎಂದಾಗುತ್ತದೆ, ಕಾರ್ಡಿನ ಮೇಲೆ ‘ಗುಣವಾಗಿದೆ’ ಎಂದು ಬರೆಯುತ್ತಾರೆ. ಸರ್ಕಾರದ ಪುಸ್ತಕದಲ್ಲಿ ಆ ವ್ಯಕ್ತಿ ಮುಗಿದ ಲೆಕ್ಕ. ಆದರೆ ಕ್ರಿಮಿ ತಿಂದು ಬಿಟ್ಟ ಶ್ವಾಸಕೋಶದ ಭಾಗ ಸುಕ್ಕಾಗಿ, ಶ್ವಾಸನಾಳಗಳು ಜೋತು ಅಗಲವಾಗಿ, ಅಲ್ಲಿ ಕಫ ಮಡುಗಟ್ಟುತ್ತದೆ. ಬ್ರಾಂಕಿಯೆಕ್ಟೇಸಿಸ್ ಎನ್ನುವುದು ಇದನ್ನೇ. ದೇಶದ 31 ಕೇಂದ್ರಗಳ 2,195 ಬ್ರಾಂಕಿಯೆಕ್ಟೇಸಿಸ್ ರೋಗಿಗಳ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಕಾರಣಗಳಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ಕ್ಷಯವೇ, ಶೇ 35.5. ಬೆಳಿಗ್ಗೆ ಎದ್ದರೆ ಬಟ್ಟಲುಗಟ್ಟಲೆ ಕಫ, ಆಗಾಗ ರಕ್ತದ ಗೆರೆ. ‘ಟಿಬಿ ಮರುಕಳಿಸಿತು’ ಎಂದು ಹೆದರಿ, ಪರೀಕ್ಷೆಯಿಲ್ಲದೆ ಅದೇ ಮಾತ್ರೆಗಳನ್ನು ಎರಡನೇ ಸಲ, ಮೂರನೇ ಸಲ ನುಂಗಿದವರಿದ್ದಾರೆ. ಅವರಿಗೆ ಬೇಕಿದ್ದದ್ದು ಕಫ ಹೊರಹಾಕುವ ವಿಧಾನ ಕಲಿಸುವ ಫಿಸಿಯೋಥೆರಪಿಸ್ಟ್ ಮತ್ತು ಕಫದಲ್ಲಿ ಯಾವ ಕ್ರಿಮಿ ಇದೆಯೆಂದು ನೋಡಿ ಬರೆದ ಆ್ಯಂಟಿಬಯಾಟಿಕ್.

ಹೀರುವ ಔಷಧಿ, ನುಂಗುವ ರೋಗಿ

ಎದೆರೋಗ ತಜ್ಞರ ಹತ್ತಿರ ಮಾತಾಡಿದರೆ ತಪ್ಪದೆ ಬರುವ ಒಂದು ಪ್ರಸಂಗವಿದೆ. ರೋಗಿಗೆ ರೋಟಾಹೇಲರ್ ಎಂಬ ಪುಡಿ ಹೀರುವ ಸಾಧನ ಬರೆದುಕೊಟ್ಟಿರುತ್ತಾರೆ. ಅದಕ್ಕೆ ಹಾಕುವ ಔಷಧಿ ಪುಡಿ ಕ್ಯಾಪ್ಸೂಲಿನ ರೂಪದಲ್ಲಿ ಬರುತ್ತದೆ. ತಿಂಗಳು ಬಿಟ್ಟು ಬಂದ ರೋಗಿ ‘ಏನೂ ಗುಣ ಇಲ್ಲ ಸಾರ್’ ಎನ್ನುತ್ತಾನೆ. ಹೇಗೆ ತಗೊಂಡೆ ಎಂದು ಕೇಳಿದರೆ ‘ಊಟ ಆದ್ಮೇಲೆ ನೀರಲ್ಲಿ’ ಎಂಬ ಉತ್ತರ. ತಪ್ಪು ರೋಗಿಯದಲ್ಲ. ಕ್ಯಾಪ್ಸೂಲ್ ಎಂದರೆ ನುಂಗುವುದು ಎಂದು ಜೀವಮಾನವಿಡೀ ಕಲಿತವನಿಗೆ ಬೇರೆ ರೀತಿ ಯಾರೂ ತೋರಿಸಿಕೊಡಲಿಲ್ಲ, ಅಷ್ಟೆ.

ತೋರಿಸಿಕೊಡುವುದು ಎಂದರೆ ಏನು? ಒತ್ತುವ ಇನ್ಹೇಲರನ್ನೇ ತೆಗೆದುಕೊಳ್ಳಿ. ಮುಚ್ಚಳ ತೆಗೆದು ಚೆನ್ನಾಗಿ ಅಲ್ಲಾಡಿಸಬೇಕು. ಮೊದಲು ಉಸಿರನ್ನು ಪೂರ್ತಿ ಹೊರಗೆ ಬಿಡಬೇಕು. ಅರ್ಧಕ್ಕರ್ಧ ಜನ ಬಿಡುವುದೇ ಇಲ್ಲ ಅನ್ನಿಸುತ್ತದೆ ನನಗೆ. ತುಟಿ ಬಿಗಿಯಾಗಿ ಮುಚ್ಚಿ, ಉಸಿರೆಳೆದುಕೊಳ್ಳಲು ಶುರುಮಾಡಿದ ಗಳಿಗೆಯಲ್ಲೇ ಒತ್ತಬೇಕು. ಮುಂಚೆ ಒತ್ತಿದರೆ ಔಷಧಿ ನಾಲಗೆಗೆ, ತಡವಾಗಿ ಒತ್ತಿದರೆ ಗಂಟಲಿಗೆ. ನಿಧಾನವಾಗಿ, ಆಳವಾಗಿ ಎಳೆದುಕೊಂಡು ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಸ್ಟೀರಾಯ್ಡ್ ಇರುವ ಇನ್ಹೇಲರ್ ಆದರೆ ಆಮೇಲೆ ಬಾಯಿ ಮುಕ್ಕಳಿಸಬೇಕು, ಇಲ್ಲದಿದ್ದರೆ ಬಾಯಲ್ಲಿ ಬಿಳಿ ಅಗ್ರ ಏಳುತ್ತದೆ. ಕೈ ನಡುಗುವ ಎಪ್ಪತ್ತರ ಅಜ್ಜನಿಗೆ ಈ ಹೊಂದಾಣಿಕೆ ಕಷ್ಟ. ಅವರಿಗೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಬುರುಡೆ ಸಿಕ್ಕಿಸಿಕೊಟ್ಟರೆ ಒತ್ತುವುದು ಒಮ್ಮೆ, ಹೀರುವುದು ಮತ್ತೊಮ್ಮೆ ಮಾಡಬಹುದು. ರೋಟಾಹೇಲರಿನಂಥ ಪುಡಿಯ ಇನ್ಹೇಲರಿಗೆ ನಿಯಮ ತಿರುವುಮುರುವು: ಅಲ್ಲಿ ನಿಧಾನ ಕೂಡದು, ಜೋರಾಗಿ ಒಂದೇ ಸಲ ಎಳೆಯಬೇಕು. ಒಂದೇ ರೋಗಿಗೆ ಎರಡೂ ಥರದ್ದು ಬರೆದುಕೊಟ್ಟು ಏನೂ ಹೇಳದೆ ಕಳಿಸಿದರೆ ಏನಾಗಬೇಡ?

ಇಷ್ಟನ್ನು ಕಲಿಸಲು ಹತ್ತು ನಿಮಿಷ ಬೇಕು. ದಿನಕ್ಕೆ ನೂರು ರೋಗಿ ನೋಡುವ ಹೊರರೋಗಿ ವಿಭಾಗದಲ್ಲಿ ಆ ಹತ್ತು ನಿಮಿಷ ಯಾರ ಹತ್ತಿರವೂ ಇಲ್ಲ. ಹೀಗಾಗಿ ಕೊನೆಗೆ ಕಲಿಸುವ ಭಾರ ಮೆಡಿಕಲ್ ಶಾಪಿನ ಹುಡುಗನ ಮೇಲೆ ಬೀಳುತ್ತದೆ.

ಇನ್ಹೇಲರಿನ ಬಗ್ಗೆ ಹೆದರಿಕೆಯೂ ಕಡಿಮೆಯಿಲ್ಲ. ‘ಒಂದ್ಸಲ ಶುರು ಮಾಡಿದ್ರೆ ಬಿಡಕ್ಕಾಗಲ್ಲ’, ‘ಕೊನೇ ಸ್ಟೇಜಿಗೆ ಕೊಡೋದು’ ಎಂಬ ಮಾತು ಊರೂರಲ್ಲಿ ಇದೆ. ಸತ್ಯ ಇದರ ಉಲ್ಟಾ. ನೇರ ಶ್ವಾಸನಾಳಕ್ಕೆ ಹೋಗುವುದರಿಂದ ಇನ್ಹೇಲರಿನಲ್ಲಿ ಔಷಧಿ ಮೈಕ್ರೊಗ್ರಾಂ ಲೆಕ್ಕದಲ್ಲಿ ಸಾಕು. ಮಾತ್ರೆಗೆ ಮಿಲಿಗ್ರಾಂ ಬೇಕು. ಇನ್ಹೇಲರಿಗೆ ಹೆದರಿ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ ನುಂಗಿದವರಿಗೆ ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ. ಅತ್ತ ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿನಲ್ಲಿ ಮೀನಿನ ಬಾಯಲ್ಲಿಟ್ಟ ಔಷಧಿಗೂ, ನಮ್ಮ ಕೊಪ್ಪಳ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೊಡುವ ನಾಟಿ ಔಷಧಿಗೂ ಸಾವಿರಾರು ಜನ ಸಾಲುಗಟ್ಟುತ್ತಾರೆ. ಆ ಸಾಲನ್ನು ಗೇಲಿ ಮಾಡಲು ನನಗೆ ಮನಸ್ಸಿಲ್ಲ. ಅಲ್ಲಿ ನಿಂತವರಿಗೆ ಹತ್ತಿರದಲ್ಲಿ ಬೇರೆ ಸಾಲು ಸಿಕ್ಕಿರಲಿಲ್ಲ. ಆದರೆ ಆ ಔಷಧಿಯ ನಂಬಿಕೆಯಲ್ಲಿ ದಿನದ ಇನ್ಹೇಲರ್ ಬಿಟ್ಟರೆ ಮಳೆಗಾಲ ಮುಗಿಯುವುದರೊಳಗೆ ಐಸಿಯು ಸೇರಬೇಕಾದೀತು, ಅದನ್ನು ಹೇಳಲೇಬೇಕು.

ಮೂವತ್ತು ಮೀಟರಿನ ವರಾಂಡ

ಸಿಒಪಿಡಿಯಲ್ಲಿ ಕಷ್ಟ ಇರುವುದು ಉಸಿರು ಒಳಗೆ ತೆಗೆದುಕೊಳ್ಳುವುದರಲ್ಲಿ ಎಂದು ನಮಗನ್ನಿಸುತ್ತದೆ. ನಿಜವಾಗಿ ಕಷ್ಟ ಹೊರಗೆ ಬಿಡುವುದರಲ್ಲಿದೆ. ಹಳೆ ಗಾಳಿ ಪೂರ್ತಿ ಹೊರಹೋಗದೆ ಎದೆಯೊಳಗೇ ಉಳಿಯುತ್ತದೆ. ತುಂಬಿದ ಕೊಡಕ್ಕೆ ಮತ್ತೆ ನೀರು ಸುರಿದ ಹಾಗೆ ಹೊಸ ಗಾಳಿಗೆ ಜಾಗವೇ ಇರುವುದಿಲ್ಲ. ನಡೆದಷ್ಟೂ ಇದು ಹೆಚ್ಚುವುದರಿಂದ ರೋಗಿ ನಡೆಯುವುದನ್ನೇ ಬಿಡುತ್ತಾನೆ. ನಡೆಯದೆ ತೊಡೆಯ ಸ್ನಾಯು ಸೊರಗುತ್ತದೆ. ಸೊರಗಿದ ಸ್ನಾಯು ನಾಲ್ಕು ಹೆಜ್ಜೆಗೇ ಹೆಚ್ಚು ಉಸಿರು ಬೇಡುತ್ತದೆ. ಮನೆಯವರು ಪ್ರೀತಿಯಿಂದ ‘ನೀವು ಏಳಬೇಡಿ, ನಾವು ತಂದುಕೊಡ್ತೀವಿ’ ಎನ್ನುತ್ತಾರೆ. ಆ ಪ್ರೀತಿಯೇ ಕಾಯಿಲೆಯನ್ನು ಬೆಳೆಸುತ್ತದೆ.

ಈ ಸುಳಿಯನ್ನು ಮುರಿಯುವ ಚಿಕಿತ್ಸೆಗೆ ಪಲ್ಮನರಿ ರಿಹ್ಯಾಬಿಲಿಟೇಶನ್ ಎನ್ನುತ್ತಾರೆ. ಹೆಸರು ದೊಡ್ಡದು, ಬೇಕಾಗುವುದು ಮೂವತ್ತು ಮೀಟರಿನ ವರಾಂಡ, ಎರಡು ಕುರ್ಚಿ, ಬೆರಳಿನ ಆಕ್ಸಿಮೀಟರ್ ಮತ್ತು ತರಬೇತಾದ ಫಿಸಿಯೋಥೆರಪಿಸ್ಟ್. ಆರು ನಿಮಿಷದಲ್ಲಿ ಎಷ್ಟು ದೂರ ನಡೆಯುತ್ತಾರೆಂದು ಮೊದಲು ಅಳೆಯುತ್ತಾರೆ. ಆಮೇಲೆ ಎಂಟು ಹತ್ತು ವಾರ, ವಾರಕ್ಕೆ ಎರಡು ಮೂರು ದಿನ ನಡಿಗೆ, ಕೈಕಾಲಿನ ವ್ಯಾಯಾಮ, ಮೂಗಿನಿಂದ ಎಳೆದು ತುಟಿ ಚೂಪು ಮಾಡಿ ನಿಧಾನವಾಗಿ ಬಿಡುವ ಉಸಿರಾಟ, ಕೂತು ಸ್ನಾನ ಮಾಡುವ ಕ್ರಮ, ಎಷ್ಟು ಊಟ ಎಷ್ಟು ಸಲ ಎಂಬ ಪಾಠ. ಕಾಕ್ರೇನ್ ಸಂಸ್ಥೆ 2015ರಲ್ಲಿ 65 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿ, ಉಪಯೋಗ ಸ್ಪಷ್ಟವಾಗಿದೆ ಎಂದು ತೀರ್ಮಾನಿಸಿತು. ಇನ್ನು ಮೇಲೆ ಇದನ್ನು ಮಾಮೂಲಿ ಚಿಕಿತ್ಸೆಯ ಜೊತೆ ಹೋಲಿಸಿ ನೋಡುವ ಪ್ರಯೋಗಗಳ ಅಗತ್ಯವಿಲ್ಲ ಎಂಬಷ್ಟು ಸ್ಪಷ್ಟ. ಸಿಒಪಿಡಿಗೆ ಇರುವ ಅತ್ಯಂತ ಅಗ್ಗದ, ಅತ್ಯಂತ ಪರಿಣಾಮಕಾರಿ ಚಿಕಿತ್ಸೆಗಳಲ್ಲಿ ಇದೊಂದು. ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಹುಡುಕಿದರೂ ಸಿಗುವುದು ಕಷ್ಟವಾದದ್ದೂ ಇದೇ. ಯಂತ್ರವಿಲ್ಲದ, ಬಿಲ್ಲು ದೊಡ್ಡದಾಗದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಯಲ್ಲಿ ಜಾಹೀರಾತು ಇರುವುದಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಹುದ್ದೆ ಇರುವುದಿಲ್ಲ.

ಆಕ್ಸಿಜನ್ನೂ ಅಳೆದೇ ಕೊಡಬೇಕು

ಕೋವಿಡ್ ನಂತರ ಆಕ್ಸಿಜನ್ ಕಾನ್ಸಂಟ್ರೇಟರ್ ಎಂಬುದು ಎಲ್ಲರಿಗೂ ಪರಿಚಿತ. 2021ರ ಬೇಸಿಗೆಯಲ್ಲಿ ಬಂದ ಎಷ್ಟೋ ಯಂತ್ರಗಳು ಈಗ ಮೂಲೆಯಲ್ಲಿವೆ. ಹಾಗೆಂದು ಏದುಸಿರು ಬಂದವರಿಗೆಲ್ಲ ಮೂಗಿಗೆ ನಳಿಗೆ ಹಾಕುವುದು ಚಿಕಿತ್ಸೆಯಲ್ಲ. ರಕ್ತದಲ್ಲಿ ಆಮ್ಲಜನಕ ತೀರಾ ಇಳಿದ, ಸರಿಸುಮಾರಾಗಿ ಹೇಳುವುದಾದರೆ ವಿಶ್ರಾಂತಿಯಲ್ಲೂ ಶೇ 88 ದಾಟದ ಸಿಒಪಿಡಿ ರೋಗಿಗಳಿಗೆ ಮನೆಯಲ್ಲಿ ಆಕ್ಸಿಜನ್ ಕೊಟ್ಟರೆ ಹೆಚ್ಚು ಕಾಲ ಬದುಕುತ್ತಾರೆ ಎಂಬುದನ್ನು 1980ರ ಅಮೆರಿಕದ, 1981ರ ಬ್ರಿಟನ್ನಿನ ಪ್ರಯೋಗಗಳು ತೋರಿಸಿದವು. ಅದೂ ದಿನಕ್ಕೆ ಕನಿಷ್ಠ 15 ಗಂಟೆ ಹಾಕಿಕೊಂಡರೆ. ದಮ್ಮು ಬಂದಾಗ ಹತ್ತು ನಿಮಿಷ ಹಾಕಿಕೊಂಡು ತೆಗೆದಿಡುವುದರಿಂದ ಆಯುಷ್ಯ ಬೆಳೆಯುವುದಿಲ್ಲ. ಆಮ್ಲಜನಕ ಸ್ವಲ್ಪವೇ ಕಡಿಮೆ ಇರುವವರಿಗೆ ಇದರಿಂದ ಲಾಭವಿಲ್ಲ ಎಂದು 2016ರಲ್ಲಿ ಬಂದ ಮತ್ತೊಂದು ದೊಡ್ಡ ಪ್ರಯೋಗ ಹೇಳಿತು. ಹದಿನೈದು ಗಂಟೆ ಎಂದರೆ ವಿದ್ಯುತ್ ಬಿಲ್ಲು ಬೇರೆ, ಕರೆಂಟು ಹೋದರೆ ಏನೆಂಬ ಚಿಂತೆ ಬೇರೆ. ಮನೆಯಲ್ಲಿ ಬೀಡಿ ಸೇದುವವರಿದ್ದರೆ, ದೇವರ ದೀಪ ಹತ್ತಿರವೇ ಇದ್ದರೆ ಬೆಂಕಿಯ ಅಪಾಯ. ಇದನ್ನೆಲ್ಲ ಕೂತು ವಿವರಿಸುವವರು ಯಂತ್ರ ಮಾರುವವರಲ್ಲ.

ಹೆಚ್ಚಾದರೂ ಅಪಾಯವೇ. ಸಿಒಪಿಡಿ ಉಲ್ಬಣಿಸಿ ಬಂದವರಿಗೆ ಗಾಬರಿಯಲ್ಲಿ ಆಕ್ಸಿಜನ್ನನ್ನು ಪೂರ್ತಿ ತಿರುಗಿಸಿದರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರಿ ಮಂಪರು ಕವಿಯುತ್ತದೆ. ಆಸ್ಟ್ರೇಲಿಯದ ಟ್ಯಾಸ್ಮೇನಿಯಾದಲ್ಲಿ ಆಂಬುಲೆನ್ಸ್ ಸಿಬ್ಬಂದಿ ಕೆಲವರಿಗೆ ಧಾರಾಳವಾಗಿ, ಕೆಲವರಿಗೆ ಶೇ 88ರಿಂದ 92ರ ನಡುವೆ ನಿಲ್ಲುವಷ್ಟೇ ಆಕ್ಸಿಜನ್ ಕೊಟ್ಟು ನೋಡಿದರು. 2010ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ ಅಳೆದು ಪಡೆದವರಲ್ಲಿ ಸಾವು ಅರ್ಧಕ್ಕೂ ಕಡಿಮೆ. ನಮ್ಮ 108 ಆಂಬುಲೆನ್ಸಿನ ಒಳಗೆ ‘88–92’ ಎಂದು ಬರೆದ ಒಂದು ಚೀಟಿ ಅಂಟಿಸಿದರೆ ಖರ್ಚೇನೂ ಆಗದು. ಇಂಗಾಲದ ಡೈಆಕ್ಸೈಡ್ ಏರಿದವರಿಗೆ ಮುಖಕ್ಕೆ ಮಾಸ್ಕ್ ಬಿಗಿದು ಗಾಳಿ ಒತ್ತುವ ಬೈಪ್ಯಾಪ್ ಯಂತ್ರ ಎಷ್ಟೋ ಸಲ ಗಂಟಲಿಗೆ ನಳಿಗೆ ಇಳಿಸುವುದನ್ನೇ ತಪ್ಪಿಸುತ್ತದೆ. ಅದನ್ನು ನಡೆಸಲು ಬಲ್ಲ ನರ್ಸು ಹತ್ತಿರದ ಆಸ್ಪತ್ರೆಯಲ್ಲಿ ಇದ್ದಾರೋ ಇಲ್ಲವೋ ಎಂಬುದರ ಮೇಲೆ ಜೀವ ನಿಂತಿರುತ್ತದೆ.

ಖರ್ಚು ಯಾರದು?

2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ. ದಾಖಲಾದರೆ ನೆರವು ಸಿಗುತ್ತದೆ. ಆದರೆ ಸಿಒಪಿಡಿ ರೋಗಿಯನ್ನು ದಾಖಲಾಗದಂತೆ ಕಾಯುವುದು ತಿಂಗಳು ತಿಂಗಳು ಕೊಳ್ಳಬೇಕಾದ ಇನ್ಹೇಲರ್, ವರ್ಷಕ್ಕೊಮ್ಮೆ ಹಾಕಿಸುವ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ. ಇವುಗಳ ಖರ್ಚು ಬಹುಪಾಲು ರೋಗಿಯ ಜೇಬಿನದೇ. ಕೂಲಿ ಬಿಟ್ಟು ಮನೆಯಲ್ಲಿ ಕೂತವರು ದುಡ್ಡಿಲ್ಲದೆ ದಿನಕ್ಕೆರಡು ಸಲದ ಇನ್ಹೇಲರನ್ನು ಒಂದು ಸಲಕ್ಕೆ ಇಳಿಸುತ್ತಾರೆ. ಆಮೇಲೆ ‘ಜಾಸ್ತಿ ಆದಾಗ ಮಾತ್ರ’ ಎಂದಾಗುತ್ತದೆ. ಮುಂದೆ ಐಸಿಯು. ಅಲ್ಲಿಗೆ ಸರ್ಕಾರದ ಹಣ ಬರುತ್ತದೆ. ಒಂದು ಐಸಿಯು ಬಿಲ್ಲಿನಲ್ಲಿ ಎಷ್ಟು ವರ್ಷದ ಇನ್ಹೇಲರ್ ಬರುತ್ತಿತ್ತು ಎಂದು ಲೆಕ್ಕ ಹಾಕಲು ಅರ್ಥಶಾಸ್ತ್ರ ಓದಬೇಕಿಲ್ಲ. ಪ್ರತಿಯೊಂದು ಉಲ್ಬಣದ ನಂತರವೂ ಶ್ವಾಸಕೋಶ ಮೊದಲಿದ್ದ ಸ್ಥಿತಿಗೆ ಪೂರ್ತಿ ಮರಳುವುದಿಲ್ಲ ಎಂಬುದನ್ನೂ ಆ ಲೆಕ್ಕಕ್ಕೆ ಸೇರಿಸಬೇಕು.

ರಾಷ್ಟ್ರೀಯ ಅಸಾಂಕ್ರಾಮಿಕ ರೋಗಗಳ ಕಾರ್ಯಕ್ರಮದ ಪಟ್ಟಿಯಲ್ಲಿ ಸಿಒಪಿಡಿ, ಅಸ್ತಮಾ ಸೇರಿವೆ. ಆದರೆ ಆ ಕಾರ್ಯಕ್ರಮದ ಎನ್‌ಸಿಡಿ ಕ್ಲಿನಿಕ್ಕಿನ ಮೇಜಿನ ಮೇಲೆ ಬಿ.ಪಿ. ಯಂತ್ರ ಮತ್ತು ಗ್ಲುಕೋಮೀಟರ್ ಇರುತ್ತವೆ, ಸ್ಪೈರೊಮೀಟರ್ ಇರುವುದಿಲ್ಲ. ಎಲ್ಲ ತಾಲ್ಲೂಕಿಗೂ ಎದೆರೋಗ ತಜ್ಞರನ್ನು ನೇಮಿಸುವುದು ಸದ್ಯಕ್ಕೆ ಆಗದ ಮಾತು. ಇರುವ ತಜ್ಞರು ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿಗಳಂಥ ಊರುಗಳಲ್ಲೇ ಹೆಚ್ಚು. ಆದರೆ ತಾಲ್ಲೂಕಿಗೊಂದು ಸ್ಪೈರೊಮೀಟರ್, ಊದಿಸಲು ಮತ್ತು ಇನ್ಹೇಲರ್ ಕಲಿಸಲು ತರಬೇತಾದ ಒಬ್ಬ ನರ್ಸ್, ವರದಿಯನ್ನು ನೋಡಿ ಹೇಳಲು ಜಿಲ್ಲಾ ಕೇಂದ್ರದಲ್ಲಿ ಒಬ್ಬ ತಜ್ಞ ಇಷ್ಟು ಸಾಧ್ಯ. ಟೆಲಿ ಇಸಿಜಿ ತಾಲ್ಲೂಕಿಗೆ ಬಂದಿದೆ ಎಂದಾದರೆ ಇದು ಏಕೆ ಬರಬಾರದು?

ಓದುಗರಿಗೆ ಒಂದು ಮಾತು. ಮನೆಯಲ್ಲಿ ಯಾರಿಗಾದರೂ ಎರಡು ತಿಂಗಳಿಂದ ಕೆಮ್ಮು ನಿಂತಿಲ್ಲವೆಂದರೆ, ಓರಗೆಯವರ ಜೊತೆ ಸಮತಟ್ಟಾದ ರಸ್ತೆಯಲ್ಲೂ ಹೆಜ್ಜೆ ಹಾಕಲಾಗುತ್ತಿಲ್ಲವೆಂದರೆ, ವಯಸ್ಸಿನ ಮೇಲೆ ಹಾಕಿ ಬಿಡಬೇಡಿ. ಕಫ ಪರೀಕ್ಷೆ, ಎಕ್ಸ್‌ರೇ ಜೊತೆಗೆ ಸ್ಪೈರೊಮೆಟ್ರಿಯನ್ನೂ ನೀವೇ ಕೇಳಿ ಮಾಡಿಸಿ. ಬೀಡಿ, ಸಿಗರೇಟು ಇದ್ದರೆ ಯಾವ ವಯಸ್ಸಿನಲ್ಲಿ ಬಿಟ್ಟರೂ ಲಾಭವಿದೆ. ಬಿಟ್ಟ ಮೇಲೆ ಶ್ವಾಸಕೋಶ ಸವೆಯುವ ವೇಗ ಇಳಿಯುತ್ತದೆ ಎಂದು ಬ್ರಿಟನ್ನಿನ ಸಂಶೋಧಕರಾದ ಫ್ಲೆಚರ್ ಮತ್ತು ಪೀಟೊ 1970ರ ದಶಕದಲ್ಲೇ ತೋರಿಸಿದ್ದಾರೆ. ಈಗಾಗಲೇ ಇನ್ಹೇಲರ್ ಬಳಸುತ್ತಿರುವವರು ಮುಂದಿನ ಸಲ ಆಸ್ಪತ್ರೆಗೆ ಹೋಗುವಾಗ ಚೀಟಿಯ ಜೊತೆ ಇನ್ಹೇಲರನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ವೈದ್ಯರು ಕೇಳದಿದ್ದರೂ ಅವರ ಮುಂದೆಯೇ ಒಮ್ಮೆ ಹೀರಿ ತೋರಿಸಿ, ಸರಿಯಿದೆಯೇ ಎಂದು ಕೇಳಿ.